‘ಪತ್ತೆಯಾಗಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ

ಎಚ್‌ಐವಿ ಇರುವ ಒಬ್ಬರು ಮಾತ್ರೆ ಶುರುಮಾಡಿ ಆರು ತಿಂಗಳಾಗಿದೆ ಅಂದುಕೊಳ್ಳಿ. ಕೈಯಲ್ಲಿ ಹೊಸ ಲ್ಯಾಬ್ ರಿಪೋರ್ಟ್. ಮೊದಲ ಸಲ ‘ವೈರಲ್ ಲೋಡ್’ ಅನ್ನುವ ಸಾಲಿನ ಮುಂದೆ 1,80,000 ಅಂತ ಇತ್ತು. ಒಂದು ಮಿಲಿಲೀಟರ್ ರಕ್ತದಲ್ಲಿ, ಅಂದರೆ ಹೆಚ್ಚುಕಡಿಮೆ ಇಪ್ಪತ್ತು ಹನಿಯಲ್ಲಿ, ವೈರಸ್ಸಿನ ಅಷ್ಟು ಪ್ರತಿಗಳು. ಈ ಸಲ ಅದೇ ಸಾಲಿನ ಮುಂದೆ ಅಂಕಿಯೇ ಇಲ್ಲ. ‘ಪತ್ತೆಯಾಗಿಲ್ಲ’ ಅಂತಷ್ಟೇ ಇದೆ. ಅವರ ಬಾಯಿಂದ ಮೊದಲು ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಹಾಗಾದ್ರೆ ವಾಸಿ ಆಯ್ತಾ? ಇನ್ನು ಮಾತ್ರೆ ನಿಲ್ಲಿಸಬಹುದಾ?”

ವಾಸಿ ಆಗಿಲ್ಲ. ಮಾತ್ರೆ ನಿಲ್ಲಿಸುವ ಹಾಗೂ ಇಲ್ಲ. ಆದರೆ ಅದೇ ರಿಪೋರ್ಟ್ ಇನ್ನೊಂದು ಮಾತು ಹೇಳುತ್ತಿದೆ, ಎಷ್ಟೋ ಜನಕ್ಕೆ ಅದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ವೈರಲ್ ಲೋಡ್ ಹೀಗೇ ಇರುವಷ್ಟು ಕಾಲ ಇವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಎಚ್‌ಐವಿ ದಾಟುವುದಿಲ್ಲ. ‘ಕಡಿಮೆ ದಾಟುತ್ತದೆ’ ಅಂತ ಹೇಳುತ್ತಿಲ್ಲ. ದಾಟುವುದೇ ಇಲ್ಲ.

ವೈರಸ್ ಮೈಯಲ್ಲೇ ಇದೆ, ಆದರೂ ಇನ್ನೊಬ್ಬರಿಗೆ ಹೋಗುವುದಿಲ್ಲ. ಎರಡೂ ಒಟ್ಟಿಗೆ ನಿಜ ಹೇಗಾಗುತ್ತದೆ? ಅದಕ್ಕೆ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು.

ಒಂದು ಚೀಟಿ, ಮೂವರು ಕೆಲಸಗಾರರು

ಎಚ್‌ಐವಿ ತಾನಾಗಿ ಏನೂ ಮಾಡಲಾರದು. ಅದರ ಹತ್ತಿರ ಇರುವುದು ಒಂದು ಚೀಟಿ, ಸುಮಾರು 9,700 ಅಕ್ಷರದ್ದು. ‘ನನ್ನಂಥದ್ದನ್ನು ಹೀಗೆ ತಯಾರಿಸು’ ಅನ್ನುವ ಸೂಚನೆ ಅದರಲ್ಲಿದೆ. ತಯಾರಿಸುವುದಕ್ಕೆ ಬೇರೆಯವರ ಕಾರ್ಖಾನೆ ಬೇಕು. ಅದು ಹಿಡಿಯುವುದು ನಮ್ಮ ಸಿಡಿ4 ಜೀವಕೋಶಗಳನ್ನು. ರೋಗ ಬಂದಾಗ ದೇಹದ ಕಾವಲು ಪಡೆಗೆ ಎಲ್ಲಿ ಹೋಗಬೇಕು, ಏನು ಮಾಡಬೇಕು ಅಂತ ಹೇಳುವವು ಇವೇ. ಮನೆ ಕಾಯುವವನ ಮನೆಯಲ್ಲೇ ಕಳ್ಳ ಸೇರಿಕೊಂಡ ಹಾಗೆ.

ಜೀವಕೋಶದೊಳಗೆ ಹೋದ ಮೇಲೆ ಒಂದು ತೊಡಕಿದೆ. ವೈರಸ್ಸಿನ ಚೀಟಿ ಆರ್‌ಎನ್‌ಎ ಲಿಪಿಯಲ್ಲಿದೆ, ನಮ್ಮ ಮೂಲ ಪುಸ್ತಕ ಡಿಎನ್‌ಎ ಲಿಪಿಯಲ್ಲಿದೆ. ಅದಕ್ಕೇ ವೈರಸ್ ತನ್ನದೇ ನಕಲುಗಾರನನ್ನು ಜೊತೆಗೆ ತಂದಿರುತ್ತದೆ. ಆ ಕಿಣ್ವದ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಇದು ಆರ್‌ಎನ್‌ಎ ಓದಿಕೊಂಡು ಡಿಎನ್‌ಎ ಬರೆಯುತ್ತದೆ. ಹೀಗೆ ಬರೆದದ್ದನ್ನು ಎರಡನೆಯ ಕಿಣ್ವ, ಇಂಟಿಗ್ರೇಸ್, ನಮ್ಮ ಪುಸ್ತಕದ ನಡುವೆಯೇ ಹೊಲಿದುಬಿಡುತ್ತದೆ. ಅಲ್ಲಿಂದ ಮುಂದೆ ಜೀವಕೋಶಕ್ಕೆ ತನ್ನ ಹಾಳೆ ಯಾವುದು, ಕಳ್ಳಹಾಳೆ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಓದಿ ವೈರಸ್ಸಿನ ಬಿಡಿಭಾಗ ಮಾಡಿಕೊಡುತ್ತದೆ. ಕೊನೆಗೆ ಪ್ರೋಟಿಯೇಸ್ ಅನ್ನುವ ಕತ್ತರಿ ಆ ಭಾಗಗಳನ್ನು ಅಳತೆಗೆ ಕತ್ತರಿಸಿದ ಮೇಲೆ ಹೊಸ ವೈರಸ್ ತಯಾರು.

ಒಂದು ಸ್ವಾರಸ್ಯ ಹೇಳಲೇಬೇಕು. ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುವ ಈ ಕಿಣ್ವವನ್ನು ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆ ಬೇರೆಯಾಗಿ ಕಂಡುಹಿಡಿದದ್ದು 1970ರಲ್ಲಿ, ಬೇರೆ ವೈರಸ್‌ಗಳಲ್ಲಿ. ಏಡ್ಸ್ ಕಾಯಿಲೆಯ ಮೊದಲ ವರದಿ ಬಂದದ್ದು 1981ರಲ್ಲಿ. ಅದರ ವೈರಸ್ ಸಿಕ್ಕಿದ್ದು 1983ರಲ್ಲಿ. ಅಂದರೆ ಬೀಗ ಕಣ್ಣಿಗೆ ಬೀಳುವ ಮೊದಲೇ ಅದರ ಒಳಗಿನ ಯಂತ್ರ ಗೊತ್ತಿತ್ತು. ಮೊದಲ ಔಷಧಿ ಎಝಡ್‌ಟಿಯ ಕಥೆಯೂ ಹೀಗೇ. 1964ರಲ್ಲಿ ಕ್ಯಾನ್ಸರ್‌ಗೆ ಅಂತ ತಯಾರಿಸಿ, ಉಪಯೋಗವಿಲ್ಲ ಅಂತ ಪಕ್ಕಕ್ಕಿಟ್ಟಿದ್ದ ವಸ್ತು ಅದು. 1987ರಲ್ಲಿ ಎಚ್‌ಐವಿಗೆ ಒಪ್ಪಿಗೆ ಪಡೆದ ಮೊದಲ ಔಷಧಿಯಾಯಿತು.

ಆದರೆ ಎಝಡ್‌ಟಿ ಒಂದೇ ಕೊಟ್ಟವರಿಗೆ ಕೆಲವು ತಿಂಗಳು ಮಾತ್ರ ಚೇತರಿಕೆ. ಆಮೇಲೆ ಮತ್ತೆ ಹಾಗೇ. ಯಾಕೆ ಅನ್ನುವುದು ಲೆಕ್ಕದ ಮಾತು. ಚಿಕಿತ್ಸೆ ಇಲ್ಲದವರ ಮೈಯಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್ ಹುಟ್ಟುತ್ತವೆ. ಆ ನಕಲುಗಾರ ಕಿಣ್ವ ಮಹಾ ಅವಸರದ್ದು, ಬರೆದದ್ದನ್ನು ತಿರುಗಿ ನೋಡುವುದಿಲ್ಲ. ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಸಾವಿರ ಕೋಟಿ ನಕಲಿನಲ್ಲಿ ಒಂದಾದರೂ ‘ಅದೃಷ್ಟದ ತಪ್ಪು’ ಇದ್ದೇ ಇರುತ್ತದೆ, ಔಷಧಿ ಹಿಡಿಯಲಾಗದಂಥದ್ದು. ಉಳಿದವೆಲ್ಲ ಔಷಧಿಗೆ ಸಿಕ್ಕಿ ನಿಂತುಹೋದಾಗ ಅದೊಂದೇ ಬೆಳೆಯುತ್ತದೆ. ಔಷಧಿಗೆ ವೈರಸ್ ಬಗ್ಗದೆ ಹೋಗುವುದು ಅಂದರೆ ಇದೇ.

1996ರ ಹೊತ್ತಿಗೆ ಉತ್ತರ ಸಿಕ್ಕಿತು: ಮೂರು ಔಷಧಿ ಒಟ್ಟಿಗೆ. ಒಂದು ಬೀಗಕ್ಕೆ ಕಳ್ಳಕೀಲಿ ಆಕಸ್ಮಿಕವಾಗಿ ಸಿಗಬಹುದು. ಮೂರು ಬೇರೆ ಬೇರೆ ಬೀಗಕ್ಕೆ ಒಂದೇ ನಕಲಿನಲ್ಲಿ ಮೂರು ಕೀಲಿ ಸಿಗುವುದು ಸಾಧ್ಯವೇ ಇಲ್ಲ ಅನ್ನುವಷ್ಟು ಅಪರೂಪ. ಅಲ್ಲಿಂದ ಎಚ್‌ಐವಿ ಸಾವಿನ ಸಂಖ್ಯೆ, ಔಷಧಿ ಕೈಗೆ ಸಿಕ್ಕ ಕಡೆಯೆಲ್ಲ, ಇಳಿಯುತ್ತಲೇ ಬಂತು. ಆಗ ಅದು ದಿನಕ್ಕೆ ಹಿಡಿಗಟ್ಟಲೆ ಮಾತ್ರೆ, ಗಂಟೆ ನೋಡಿ ನುಂಗುವುದು. ಈಗ ಬಹಳಷ್ಟು ಜನಕ್ಕೆ ದಿನಕ್ಕೆ ಒಂದೇ ಮಾತ್ರೆ.

ಒಂದು ಮಾತ್ರೆಯ ಒಳಗೆ

ಜಗತ್ತಿನಾದ್ಯಂತ ಅತಿ ಜಾಸ್ತಿ ಜನ ತೆಗೆದುಕೊಳ್ಳುವ ಆ ಒಂದು ಮಾತ್ರೆಗೆ ಟಿಎಲ್‌ಡಿ ಅನ್ನುತ್ತಾರೆ. ಟೆನೋಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಅದರಲ್ಲೇ ಸೇರಿವೆ.

ಮೊದಲ ಎರಡು ನಕಲಿ ಅಕ್ಷರಗಳು. ಡಿಎನ್‌ಎ ಬರೆಯುವುದನ್ನು ರೈಲು ಡಬ್ಬಿ ಜೋಡಿಸುವ ಹಾಗೆ ಅಂದುಕೊಳ್ಳಿ. ಪ್ರತಿ ಡಬ್ಬಿಗೂ ಮುಂದೊಂದು ಕೊಂಡಿ, ಹಿಂದೊಂದು ಕೊಂಡಿ. ಟೆನೋಫೊವಿರ್ ನೋಡುವುದಕ್ಕೆ ‘ಎ’ ಅಕ್ಷರದ ಡಬ್ಬಿಯ ಹಾಗೆ, ಲಾಮಿವುಡಿನ್ ‘ಸಿ’ ಅಕ್ಷರದ ಡಬ್ಬಿಯ ಹಾಗೆ. ಮುಂದಿನ ಕೊಂಡಿ ಇದೆ, ಹಿಂದಿನದಿಲ್ಲ. ಅವಸರದ ನಕಲುಗಾರ ಅದನ್ನು ತೆಗೆದು ಸಿಕ್ಕಿಸಿಬಿಡುತ್ತಾನೆ. ಅಷ್ಟೇ, ಅದರ ಹಿಂದೆ ಇನ್ನೇನೂ ಜೋಡಿಸಲಾಗುವುದಿಲ್ಲ. ರೈಲು ಅರ್ಧಕ್ಕೇ ನಿಂತಿತು.

ಇಷ್ಟನ್ನೂ ತಪ್ಪಿಸಿಕೊಂಡು ಪೂರ್ತಿ ನಕಲು ತಯಾರಾದರೆ ಅದನ್ನು ಹೊಲಿಯುವ ಇಂಟಿಗ್ರೇಸ್ ಕೈಯನ್ನೇ ಡೊಲುಟೆಗ್ರಾವಿರ್ ಹಿಡಿದುಕೊಳ್ಳುತ್ತದೆ. ಇಂಟಿಗ್ರೇಸ್ ಕೆಲಸ ಮಾಡುವ ಜಾಗದಲ್ಲಿ ಮೆಗ್ನೀಸಿಯಂ ಲೋಹದ ಅಯಾನುಗಳಿವೆ. ಡೊಲುಟೆಗ್ರಾವಿರ್ ಗಟ್ಟಿಯಾಗಿ ಹಿಡಿಯುವುದು ಅವನ್ನೇ.

ಈ ಲೋಹದ ವಿಷಯ ಸುಮ್ನೆ ಹೇಳಲಿಲ್ಲ. ಎದೆಯುರಿಗೆ ತೆಗೆದುಕೊಳ್ಳುವ ಆಂಟಾಸಿಡ್‌ನಲ್ಲಿ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುತ್ತವೆ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆಗಳೂ ಲೋಹವೇ. ಇವನ್ನು ಟಿಎಲ್‌ಡಿ ಜೊತೆಗೇ ನುಂಗಿದರೆ ಡೊಲುಟೆಗ್ರಾವಿರ್ ಹೊಟ್ಟೆಯಲ್ಲೇ ಈ ಲೋಹಗಳನ್ನು ಹಿಡಿದು ಕೂತುಬಿಡುತ್ತದೆ, ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಅದಕ್ಕೇ ಎಚ್‌ಐವಿ ಮಾತ್ರೆ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ನಂತರ ಅನ್ನುವ ಲೆಕ್ಕ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಯನ್ನಾದರೆ ಊಟದ ಜೊತೆ ಒಟ್ಟಿಗೆ ತೆಗೆದುಕೊಳ್ಳಬಹುದು. ಆಂಟಾಸಿಡ್‌ಗೆ ಆ ರಿಯಾಯಿತಿಯೂ ಇಲ್ಲ. ‘ಅದೊಂದು ಮಾಮೂಲಿ ಗ್ಯಾಸ್ ಮಾತ್ರೆ, ಅದನ್ನೆಲ್ಲ ಡಾಕ್ಟರಿಗೆ ಏನು ಹೇಳೋದು’ ಅಂತ ಬಿಡುವವರೇ ಜಾಸ್ತಿ. ಹೇಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಡೊಲುಟೆಗ್ರಾವಿರ್ ಮಟ್ಟವನ್ನು ಇಳಿಸುತ್ತದೆ, ಆಗ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಕೊಡುತ್ತಾರೆ. ಎಚ್‌ಐವಿ ಇರುವವರನ್ನು ಇವತ್ತಿಗೂ ಅತಿ ಜಾಸ್ತಿ ಬಲಿ ತೆಗೆದುಕೊಳ್ಳುವ ಕಾಯಿಲೆ ಕ್ಷಯವೇ ಆದ್ದರಿಂದ ಇದು ದೊಡ್ಡ ವಿಷಯ.

ಅಡ್ಡಪರಿಣಾಮ ಇಲ್ಲವೇ ಇಲ್ಲ ಅಂತಲ್ಲ. ಕೆಲವರಿಗೆ ನಿದ್ದೆ ಕೆಡುತ್ತದೆ, ಕೆಲವರಿಗೆ ತೂಕ ಏರುತ್ತದೆ. ಟೆನೋಫೊವಿರ್ ಕೆಲವರ ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದು, ಅದಕ್ಕೆ ಆಗಾಗ ರಕ್ತ ಪರೀಕ್ಷೆ. ತೊಂದರೆಯಾದರೆ ಔಷಧಿ ಬದಲಿಸುವುದಕ್ಕೆ ದಾರಿ ಇದೆ. ತಾವಾಗಿ ನಿಲ್ಲಿಸುವುದು ಆ ದಾರಿಯಲ್ಲ. ಹೆಪಟೈಟಿಸ್ ಬಿ ಕೂಡ ಇರುವವರಿಗಂತೂ ಇದು ಎರಡು ಪಟ್ಟು ನಿಜ. ಟೆನೋಫೊವಿರ್, ಲಾಮಿವುಡಿನ್ ಎರಡೂ ಆ ವೈರಸ್ಸನ್ನೂ ಹಿಡಿದಿಟ್ಟಿರುತ್ತವೆ. ಥಟ್ಟನೆ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಜೋರಾಗಿ ಕೆರಳಬಹುದು.

ಹಾಗಾದರೆ ವಾಸಿ ಯಾಕಾಗುವುದಿಲ್ಲ?

ಮೇಲಿನದನ್ನು ಇನ್ನೊಮ್ಮೆ ಓದಿದರೆ ಒಂದು ಗಮನಕ್ಕೆ ಬರುತ್ತದೆ. ಈ ಮೂರು ಔಷಧಿಗಳಲ್ಲಿ ಯಾವುದೂ ವೈರಸ್ ಈಗಾಗಲೇ ಮನೆಮಾಡಿಕೊಂಡ ಜೀವಕೋಶವನ್ನು ಮುಟ್ಟುವುದಿಲ್ಲ. ಹೊಸ ಜೀವಕೋಶಕ್ಕೆ ಸೋಂಕು ತಗಲದ ಹಾಗೆ ತಡೆಯುತ್ತವೆ, ಅಷ್ಟೇ. ಅಷ್ಟೇ ಸಾಕಾಗುತ್ತದೆ ಕೂಡ. ವೈರಸ್ ತಯಾರಿಸುತ್ತಿರುವ ಜೀವಕೋಶಗಳ ಆಯಸ್ಸು ಒಂದೆರಡು ದಿನ. ಅವು ಸಾಯುತ್ತಾ ಹೋಗುತ್ತವೆ, ಜಾಗ ತುಂಬುವವರಿಲ್ಲ. ಅದಕ್ಕೇ 1,80,000 ಇದ್ದದ್ದು ಕೆಲವೇ ತಿಂಗಳಲ್ಲಿ ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ.

ಆದರೆ ಕೆಲವು ಸಿಡಿ4 ಜೀವಕೋಶಗಳು ಕಳ್ಳಹಾಳೆಯನ್ನು ಒಳಗಿಟ್ಟುಕೊಂಡೇ ನಿದ್ದೆಗೆ ಹೋಗಿರುತ್ತವೆ. ಒಮ್ಮೆ ಬಂದ ರೋಗವನ್ನು ವರ್ಷಗಟ್ಟಲೆ ನೆನಪಿಡುವುದು ಈ ಜೀವಕೋಶಗಳ ಕೆಲಸ, ಹಾಗಾಗಿ ಅವುಗಳ ಆಯಸ್ಸೂ ದೊಡ್ಡದು. ಮಲಗಿರುವಷ್ಟು ದಿನ ಅವು ವೈರಸ್ ತಯಾರಿಸುವುದಿಲ್ಲ. ಔಷಧಿಗೆ ಅವು ಕಾಣುವುದಿಲ್ಲ, ದೇಹದ ಕಾವಲಿಗೂ ಕಾಣುವುದಿಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುವವರಲ್ಲೂ ಈ ದಾಸ್ತಾನು ಅರ್ಧಕ್ಕಿಳಿಯಲು ಸುಮಾರು 44 ತಿಂಗಳು ಬೇಕು ಅಂತ ಅಳೆದಿದ್ದಾರೆ. ಆ ಲೆಕ್ಕದಲ್ಲಿ ಪೂರ್ತಿ ಖಾಲಿಯಾಗಲು 60-70 ವರ್ಷ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಎರಡು-ಮೂರು ವಾರದಲ್ಲಿ ಮಲಗಿದ್ದವುಗಳಲ್ಲಿ ಯಾವುದೋ ಒಂದು ಎದ್ದು ರಕ್ತದಲ್ಲಿ ಮತ್ತೆ ವೈರಸ್ ಕಾಣಿಸುತ್ತದೆ.

‘ಸ್ವಲ್ಪ ದಿನ ಬಿಟ್ಟು ಬಿಟ್ಟು ತೆಗೆದುಕೊಂಡರೆ ದೇಹಕ್ಕೆ ಆರಾಮ ಅಲ್ವಾ?’ ಅಂತ ಡಾಕ್ಟರುಗಳೇ ಯೋಚಿಸಿದ ಕಾಲವಿತ್ತು. ಅದನ್ನು ಪರೀಕ್ಷಿಸಲು 5,400ಕ್ಕೂ ಹೆಚ್ಚು ಜನರ ಮೇಲೆ ನಡೆದ ಸ್ಮಾರ್ಟ್ ಅನ್ನುವ ಅಧ್ಯಯನವನ್ನು 2006ರಲ್ಲಿ ಅರ್ಧಕ್ಕೇ ತಡೆಯಬೇಕಾಯಿತು. ಬಿಟ್ಟು ಬಿಟ್ಟು ತೆಗೆದುಕೊಂಡವರಲ್ಲಿ ಕಾಯಿಲೆ, ಸಾವು ಜಾಸ್ತಿ ಕಂಡವು. ಯಾರೂ ನಿರೀಕ್ಷಿಸದ ಹಾಗೆ ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ಜಾಸ್ತಿ ಇದ್ದವು.

ವಾಸಿಯಾದವರು ಯಾರೂ ಇಲ್ಲವಾ ಅಂದರೆ, ಇದ್ದಾರೆ, ಬೆರಳೆಣಿಕೆಯಷ್ಟು. ಮೊದಲಿಗರು ‘ಬರ್ಲಿನ್ ರೋಗಿ’ ಅಂತ ಹೆಸರಾದ ಟಿಮೊಥಿ ರೇ ಬ್ರೌನ್. ಅವರಿಗೆ ರಕ್ತದ ಕ್ಯಾನ್ಸರ್ ಇತ್ತು. ಅದಕ್ಕಾಗಿ ಮಾಡಿದ ಕಸಿಯಲ್ಲಿ, ಎಚ್‌ಐವಿ ಒಳನುಗ್ಗುವ ಸಿಸಿಆರ್5 ಅನ್ನುವ ಬಾಗಿಲೇ ಹುಟ್ಟಿನಿಂದ ಇಲ್ಲದ ದಾನಿಯ ಕೋಶಗಳನ್ನು ಹಾಕಿದರು. ಅಂಥ ಕಸಿಯಲ್ಲಿ ಜೀವಕ್ಕೇ ಅಪಾಯ ಇದೆ. ದಿನಕ್ಕೊಂದು ಮಾತ್ರೆಯಿಂದ ಚೆನ್ನಾಗಿರುವವರಿಗೆ ಅದನ್ನು ಮಾಡಲಾಗದು.

ದಾಟುವುದಿಲ್ಲ ಅಂತ ಹೇಗೆ ಗೊತ್ತು?

ಈಗ ಆ ರಿಪೋರ್ಟ್‌ಗೆ ವಾಪಸ್ ಬರೋಣ. ‘ಪತ್ತೆಯಾಗಿಲ್ಲ’ ಅಂದರೆ ಯಂತ್ರ ಗುರುತಿಸಬಲ್ಲ ಮಟ್ಟಕ್ಕಿಂತ ಕೆಳಗೆ. ಸಾಮಾನ್ಯವಾಗಿ ಮಿಲಿಲೀಟರ್‌ಗೆ 50 ಪ್ರತಿ, ಕೆಲವು ಯಂತ್ರಗಳಲ್ಲಿ 20. ಲೈಂಗಿಕ ಸಂಪರ್ಕದಲ್ಲಿ ಸೋಂಕು ದಾಟಬೇಕಾದರೆ ಒಂದಷ್ಟು ವೈರಸ್ ಇರಲೇಬೇಕು. ಮಲಗಿರುವ ಜೀವಕೋಶಗಳಿಂದ ಆ ಕೆಲಸ ಆಗುವುದಿಲ್ಲ.

ತರ್ಕ ಸರಿ, ಆದರೆ ಇಂಥ ವಿಷಯದಲ್ಲಿ ತರ್ಕ ನಂಬಿ ಕೂರುವ ಹಾಗಿಲ್ಲ. 2008ರಲ್ಲಿ ಸ್ವಿಟ್ಜರ್ಲೆಂಡಿನ ತಜ್ಞರು ಇದನ್ನು ಬಹಿರಂಗವಾಗಿ ಹೇಳಿದಾಗ ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಸಾಕ್ಷ್ಯ ಬಂತು. ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ 1,763 ಜೋಡಿಗಳ ಅಧ್ಯಯನ, ಎಚ್‌ಪಿಟಿಎನ್ 052, ತನ್ನ ಫಲಿತಾಂಶವನ್ನು 2011ರಲ್ಲಿ ಕೊಟ್ಟಿತು: ತಡಮಾಡದೆ ಮಾತ್ರೆ ಶುರುಮಾಡಿದ ಜೋಡಿಗಳಲ್ಲಿ ಸೋಂಕು ದಾಟುವುದು 96 ಶೇಕಡಾ ಕಡಿಮೆ. ಉಳಿದ ನಾಲ್ಕರ ಕಥೆ ಏನು ಅಂತ ಕೇಳಬೇಕಲ್ವಾ? ಅದು ವೈರಸ್ ಇನ್ನೂ ಪೂರ್ತಿ ಇಳಿಯದ ಆರಂಭದ ದಿನಗಳದ್ದು, ಇಲ್ಲವೇ ಔಷಧಿ ಕೈಕೊಟ್ಟ ಸಂದರ್ಭದ್ದು.

ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವುದು ಪಾರ್ಟ್ನರ್ ಅನ್ನುವ ಅಧ್ಯಯನ. ಅದರ ಎರಡನೇ ಹಂತದ ಫಲಿತಾಂಶ ಬಂದದ್ದು 2019ರಲ್ಲಿ. 782 ಪುರುಷ ಜೋಡಿಗಳು, ಕಾಂಡೋಮ್ ಇಲ್ಲದೆ ಸೇರಿದ್ದು ಸುಮಾರು 76,000 ಸಲ. ಆ ಅವಧಿಯಲ್ಲಿ 15 ಜನಕ್ಕೆ ಹೊಸದಾಗಿ ಎಚ್‌ಐವಿ ಬಂತು. ‘ನೋಡಿ, ದಾಟಿತಲ್ಲ’ ಅನ್ನಿಸುತ್ತದೆ ಅಲ್ವಾ? ಆ 15 ವೈರಸ್‌ಗಳ ಆನುವಂಶಿಕ ಅಕ್ಷರಗಳನ್ನು ಮನೆಯ ಸಂಗಾತಿಯ ವೈರಸ್ ಜೊತೆ ಹೋಲಿಸಿ ನೋಡಿದರು. ಒಂದೂ ಹೊಂದಲಿಲ್ಲ. ಎಲ್ಲವೂ ಹೊರಗಿನ ಸಂಬಂಧದಿಂದ ಬಂದವು. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ದಾಟಿದ್ದು ಸೊನ್ನೆ. ಗಂಡು-ಹೆಣ್ಣು ಜೋಡಿಗಳೂ ಇದ್ದ ಮೊದಲ ಹಂತದಲ್ಲೂ ಉತ್ತರ ಸೊನ್ನೆಯೇ ಆಗಿತ್ತು.

ಇದಕ್ಕೆ ಮಿತಿಯೂ ಇದೆ. ವೈರಸ್ ಇಳಿದಿದೆ ಅಂತ ಪರೀಕ್ಷೆಯಲ್ಲಿ ಖಚಿತವಾಗಿರಬೇಕು, ಮಾತ್ರೆ ತಪ್ಪದೆ ನಡೆಯುತ್ತಿರಬೇಕು. ಸಿಫಿಲಿಸ್, ಗೊನೊರಿಯಾ ತರಹದ ಬೇರೆ ಲೈಂಗಿಕ ಸೋಂಕುಗಳಿಗೆ ಈ ಮಾತ್ರೆ ತಡೆಯಲ್ಲ, ಅಲ್ಲಿ ಕಾಂಡೋಮೇ ಬೇಕು. ಒಂದೇ ಸೂಜಿ ಹಂಚಿಕೊಳ್ಳುವವರಿಗೂ ಈ ಸೊನ್ನೆಯ ಮಾತು ಅನ್ವಯಿಸುವುದಿಲ್ಲ. ಎದೆಹಾಲಿನ ವಿಷಯದಲ್ಲಿ ಅಪಾಯ ತೀರಾ ಕಡಿಮೆಯಾಗುತ್ತದೆ, ಆದರೆ ಸೊನ್ನೆ ಅನ್ನುವುದಿಲ್ಲ.

ತಾಯಿಯಿಂದ ಮಗುವಿಗೆ ದಾಟುವ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಏನೂ ಮಾಡದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು. ತಾಯಿಗೆ ಎಚ್‌ಐವಿ ಮಾತ್ರೆ, ಹುಟ್ಟಿದ ಮಗುವಿಗೆ ಕೆಲವು ವಾರ ಔಷಧಿ ಕೊಟ್ಟರೆ ಅದು 5ಕ್ಕಿಂತ ಕೆಳಗೆ. ಗರ್ಭಿಣಿಯಾಗುವ ಮೊದಲೇ ವೈರಸ್ ಇಳಿದಿದ್ದರೆ ಒಂದಕ್ಕಿಂತಲೂ ಕಡಿಮೆ.

ಎಚ್‌ಐವಿ ಗೊತ್ತಾದ ತಕ್ಷಣ ಚಿಕಿತ್ಸೆ ಶುರುಮಾಡಿ ಅಂತ ಈಗ ಹೇಳುವುದು ಬರೀ ಸಂಗಾತಿಗಾಗಿ ಅಲ್ಲ. ಮೊದಲೆಲ್ಲ ಸಿಡಿ4 ಎಣಿಕೆ 200ಕ್ಕೋ 350ಕ್ಕೋ ಇಳಿಯುವ ತನಕ ಕಾಯಿಸುತ್ತಿದ್ದರು. ಆರೋಗ್ಯವಂತರಲ್ಲಿ ಅದು 500ರಿಂದ 1,500. 2015ರಲ್ಲಿ ಬಂದ ಸ್ಟಾರ್ಟ್ ಅಧ್ಯಯನ, 500ಕ್ಕಿಂತ ಮೇಲಿರುವಾಗಲೇ ಶುರುಮಾಡಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವು 57 ಶೇಕಡಾ ಕಡಿಮೆ ಅಂತ ತೋರಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ‘ಸಿಡಿ4 ಎಷ್ಟೇ ಇರಲಿ, ಎಲ್ಲರಿಗೂ ಚಿಕಿತ್ಸೆ’ ಅಂದಿತು. ಮೆದುಳು ಪೊರೆಯ ಕ್ಷಯ ಅಥವಾ ಕ್ರಿಪ್ಟೊಕಾಕಸ್ ಶಿಲೀಂಧ್ರದ ಸೋಂಕು ಇರುವವರಿಗೆ ಮಾತ್ರ ಕೆಲವು ವಾರ ತಡೆದು ಶುರುಮಾಡುತ್ತಾರೆ. ಮಲಗಿದ್ದ ಕಾವಲು ಪಡೆ ಒಮ್ಮೆಗೇ ಎದ್ದು ಮೆದುಳಿನಲ್ಲಿ ಯುದ್ಧ ಹೂಡಿದರೆ ಜೀವಕ್ಕೇ ಅಪಾಯ.

ವೈರಸ್ ಬರುವ ಮೊದಲೇ

ಹೊಸ ಜೀವಕೋಶವನ್ನು ಕಾಪಾಡುವುದೇ ಔಷಧಿಯ ಕೆಲಸ ಅಂದಮೇಲೆ, ಸೋಂಕೇ ಇಲ್ಲದವರ ಎಲ್ಲ ಜೀವಕೋಶಗಳೂ ‘ಹೊಸವೇ’ ಅಲ್ವಾ? ಪೆಪ್ ಮತ್ತು ಪ್ರೆಪ್ ಎರಡೂ ಇದೇ ಯೋಚನೆಯಿಂದ ಬಂದವು.

ಪೆಪ್ ಅಪಾಯ ನಡೆದ ಮೇಲಿನದು. ಸೂಜಿ ಚುಚ್ಚಿದೆ, ಕಾಂಡೋಮ್ ಹರಿದಿದೆ, ಅತ್ಯಾಚಾರ ನಡೆದಿದೆ. ಒಳಬಂದ ವೈರಸ್ ಬೇರೂರಲು ಎರಡು-ಮೂರು ದಿನ ಬೇಕು. ಆ ಸಂದಿಯಲ್ಲಿ ಔಷಧಿ ಹೋಗಬೇಕು. 72 ಗಂಟೆಯೊಳಗೆ, ಗಂಟೆ ಲೆಕ್ಕದಲ್ಲಿ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆಮೇಲೆ ಪೂರ್ತಿ 28 ದಿನ. ‘ನಾಳೆ ನೋಡೋಣ’ ಅನ್ನುವ ವಿಷಯ ಇದಲ್ಲ.

ಪ್ರೆಪ್ ಮೊದಲೇ ತೆಗೆದುಕೊಳ್ಳುವುದು. ಅಪಾಯದ ಸಾಧ್ಯತೆ ಇರುವವರು ಟೆನೋಫೊವಿರ್ ಇರುವ ಎರಡು ಔಷಧಿಯ ಮಾತ್ರೆ ದಿನಾ ತೆಗೆದುಕೊಳ್ಳುತ್ತಾರೆ. 2012ರಲ್ಲಿ ಅಮೆರಿಕ ಇದಕ್ಕೆ ಮೊದಲು ಒಪ್ಪಿಗೆ ಕೊಟ್ಟಿತು. ಶುರುಮಾಡುವ ಮೊದಲು ಎಚ್‌ಐವಿ ಪರೀಕ್ಷೆ ಕಡ್ಡಾಯ. ಯಾಕೆ ಅಂತ ಮೂರು ಬೀಗದ ಲೆಕ್ಕ ನೆನಪಿದ್ದರೆ ಗೊತ್ತಾಗುತ್ತದೆ. ಸೋಂಕು ಆಗಲೇ ಇದ್ದರೆ ಎರಡೇ ಔಷಧಿ ಸಾಲದು, ವೈರಸ್ಸಿಗೆ ಬಗ್ಗದಿರುವುದನ್ನು ಕಲಿಸಿದ ಹಾಗಾಗುತ್ತದೆ.

ಪ್ರೆಪ್‌ನ ತೊಂದರೆ ಇರುವುದು ನುಂಗುವುದರಲ್ಲಿ. ಯುವತಿಯರಲ್ಲಿ ನಡೆದ ವಾಯ್ಸ್ ಅನ್ನುವ ಪರೀಕ್ಷೆಯಲ್ಲಿ ಮಾತ್ರೆ ಕೆಲಸವೇ ಮಾಡಲಿಲ್ಲ. ಕೇಳಿದರೆ ‘ತೆಗೆದುಕೊಳ್ಳುತ್ತಿದ್ದೇವೆ’ ಅಂದರು. ರಕ್ತ ನೋಡಿದರೆ ಮೂರರಲ್ಲಿ ಒಂದು ಮಾದರಿಯಲ್ಲೂ ಔಷಧಿ ಇರಲಿಲ್ಲ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಕಾಯಿಲೆ ಇಲ್ಲದಾಗ ದಿನಾ ಮಾತ್ರೆ ನುಂಗುವುದು, ಅದೂ ಯಾರಾದರೂ ಡಬ್ಬಿ ನೋಡಿದರೆ ‘ಇವಳಿಗೆ ಎಚ್‌ಐವಿ’ ಅಂದುಕೊಳ್ಳುವಂಥ ಮಾತ್ರೆ, ಯಾರಿಗೆ ಸುಲಭ?

ಅದಕ್ಕೇ ಇಂಜೆಕ್ಷನ್ ಬಂದವು. ಮೊದಲು ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್. ಆಮೇಲೆ ಆರು ತಿಂಗಳಿಗೊಮ್ಮೆ ಕೊಡುವ ಲೆನಾಕಪಾವಿರ್. ಇದು ವೈರಸ್ಸಿನ ಚೀಟಿಯನ್ನು ಸುತ್ತಿರುವ ಚಿಪ್ಪನ್ನೇ ಗುರಿಯಿಡುತ್ತದೆ. 2024ರಲ್ಲಿ ಹೊರಬಂದ ಫಲಿತಾಂಶದಲ್ಲಿ ಈ ಇಂಜೆಕ್ಷನ್ ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು. ಜನ ಇದನ್ನು ‘ಎಚ್‌ಐವಿ ಲಸಿಕೆ’ ಅಂತ ಹಂಚಿಕೊಳ್ಳುತ್ತಿದ್ದಾರೆ. ಲಸಿಕೆ ದೇಹಕ್ಕೆ ಪಾಠ ಹೇಳಿಕೊಡುತ್ತದೆ, ಇದು ಹಾಗಲ್ಲ. ಔಷಧಿ ರಕ್ತದಲ್ಲಿ ಇರುವ ತನಕ ರಕ್ಷಣೆ, ಅದಕ್ಕೇ ಆರು ತಿಂಗಳಿಗೆ ಮತ್ತೊಂದು.

ಅಂಕಿ ಮತ್ತೆ ಕಾಣಿಸಿದರೆ

‘ಪತ್ತೆಯಾಗಿಲ್ಲ’ ಅಂತ ಬಂದವರಿಗೆ ಮುಂದಿನ ವೈರಲ್ ಲೋಡ್ ಪರೀಕ್ಷೆ ಒಂದು ವರ್ಷ ತುಂಬಿದಾಗ, ಅಲ್ಲಿಂದ ವರ್ಷಕ್ಕೊಮ್ಮೆ. ಯಾವತ್ತೋ ಒಂದು ಸಲ 70, 120 ಅಂತ ಬಂದರೆ ಎದೆ ಧಸಕ್ಕೆನ್ನುತ್ತದೆ. ಮಲಗಿದ್ದ ಒಂದು ಜೀವಕೋಶ ಎದ್ದು ಒಂದಷ್ಟು ವೈರಸ್ ಉಗುಳಿರಬಹುದು. ಮಾತ್ರೆ ಕಾವಲಿದ್ದರೆ ಅದು ಮುಂದಕ್ಕೆ ಹೋಗುವುದಿಲ್ಲ, ಮುಂದಿನ ಸಲ ಸಾಮಾನ್ಯವಾಗಿ ಅಂಕಿ ಮಾಯವಾಗಿರುತ್ತದೆ. ಅಂಕಿ ಮತ್ತೆ ಮತ್ತೆ ಕಾಣಿಸಿದರೆ, ಅದರಲ್ಲೂ 1,000 ದಾಟಿದರೆ, ಕೂತು ಮಾತಾಡಬೇಕು. ಮಾತ್ರೆ ತಪ್ಪಿತ್ತಾ, ವಾಂತಿ ಆಗುತ್ತಿತ್ತಾ, ಎದೆಯುರಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದರಾ? ತಪ್ಪು ಸಿಕ್ಕರೆ ಸರಿಮಾಡಿಕೊಂಡು ಮೂರು ತಿಂಗಳಿಗೆ ಇನ್ನೊಂದು ಪರೀಕ್ಷೆ. ಔಷಧಿ ಬದಲಿಸುವುದೋ ಬೇಡವೋ ಅನ್ನುವುದು ಸಾಮಾನ್ಯವಾಗಿ ಆ ಎರಡನೇ ರಿಪೋರ್ಟ್ ಬಂದ ಮೇಲೆ. ಅಲ್ಲಿಯ ತನಕ ಮಾತ್ರೆ ಅದೇ, ಹೊತ್ತೂ ಅದೇ, ಕಾಂಡೋಮ್ ಮಾತ್ರ ಮತ್ತೆ ಜೊತೆಗೆ.